ಜೆಟ್‌ನ ಅಂಚಿನ ವೇಗ: ನಾಲ್ಕು ಮಾಪನ ವಿಧಾನಗಳ ಹೋಲಿಕೆ

10 ಮಿ.ಮೀ. ವ್ಯಾಸದ ನಾಝಲ್‌ನಿಂದ ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಹೊರಬಿದ್ದು ನಿಶ್ಚಲ ಗಾಳಿಯೊಳಗೆ ಹರಡಿಕೊಳ್ಳುವ ಒಂದೇ ಗಾಳಿಯ ಜೆಟ್ಟನ್ನು ಪಿಟೋ ನಳಿಕೆ (ಹರಿವಿಗೆ ಎದುರಾಗಿಟ್ಟು ಒತ್ತಡದಿಂದ ವೇಗ ತಿಳಿಯುವುದು), ಹಾಟ್ ವೈರ್ (ಕಾಯಿಸಿದ ತಂತಿ ಗಾಳಿಗೆ ತಣ್ಣಗಾಗುವುದರಿಂದ ತಿಳಿಯುವುದು), ಲೇಸರ್ ಡಾಪ್ಲರ್ (ಎರಡು ಲೇಸರ್ ಕಿರಣಗಳು ಕೂಡುವಲ್ಲಿ ಹಾದುಹೋಗುವ ಹೊಗೆಯ ಕಣಗಳು ಚದುರಿಸುವ ಬೆಳಕಿನಿಂದ ತಿಳಿಯುವುದು) ಮತ್ತು ಪಿಐವಿ (ಎರಡು ಲೇಸರ್ ಮಿಂಚುಗಳ ನಡುವೆ ಕಣಗಳು ಸರಿದ ದೂರವನ್ನು ಚಿತ್ರಗಳಲ್ಲಿ ಅಳೆಯುವುದು) ಎಂಬ ನಾಲ್ಕು ವಿಧಾನಗಳಿಂದ ಅಳೆದು ನೋಡಿದ್ದೇನೆ. ಗಾಳಿಯ ಜಡತ್ವದ ಪ್ರಭಾವ ಅದರ ಸ್ನಿಗ್ಧತೆಯ ಪ್ರಭಾವಕ್ಕಿಂತ ಎಷ್ಟು ಹೆಚ್ಚೆಂದು ಹೇಳುವ ರೆನಾಲ್ಡ್ಸ್ ಸಂಖ್ಯೆ ಇಲ್ಲಿ ಸುಮಾರು 20,000. ಅಕ್ಷದ ಮೇಲಿನ ಸರಾಸರಿ ವೇಗವಷ್ಟೇ ಬೇಕಿದ್ದವರಿಗೆ ಈ ಹೋಲಿಕೆಯ ಅಗತ್ಯವೇ ಇಲ್ಲ, ಅಲ್ಲಿ ನಾಲ್ಕೂ ಹೆಚ್ಚುಕಡಿಮೆ ಒಂದೇ ಉತ್ತರ ಕೊಡುತ್ತವೆ. ಅವು ಬೇರೆ ಬೇರೆ ಮಾತಾಡತೊಡಗುವುದು ಜೆಟ್‌ನ ಅಂಚಿನಲ್ಲಿ.

ನಾಝಲ್‌ನ ಬಾಯಿಂದ ನಾಲ್ಕರಿಂದ ಆರು ವ್ಯಾಸಗಳವರೆಗೆ ಜೆಟ್‌ನ ತಿರುಳು ತನ್ನ ಮೂಲ ವೇಗವನ್ನು ಉಳಿಸಿಕೊಂಡಿರುತ್ತದೆ. ಅದರಾಚೆ, ಹರಿವು ನೆಲೆಗೊಂಡ ಮೇಲೆ, ಅಕ್ಷದ ವೇಗ ದೂರಕ್ಕೆ ವಿಲೋಮವಾಗಿ ಇಳಿಯುತ್ತದೆ, ಅಗಲ ದೂರದೊಂದಿಗೆ ನೇರವಾಗಿ ಬೆಳೆಯುತ್ತದೆ. 30 ವ್ಯಾಸಗಳ ದೂರದಲ್ಲಿ ಅಕ್ಷದ ವೇಗ ಸೆಕೆಂಡಿಗೆ ಸುಮಾರು 6 ಮೀಟರ್; ಅದು ಅರ್ಧಕ್ಕಿಳಿಯುವ ತ್ರಿಜ್ಯ 28 ಮಿ.ಮೀ.ಗೆ ಹತ್ತಿರ. ಇಷ್ಟೆಲ್ಲ ಬದಲಾದರೂ ಒಟ್ಟು ಸಂವೇಗ ನಾಝಲ್‌ನಿಂದ ಹೊರಟಷ್ಟೇ ಇರಬೇಕು. ಆದ್ದರಿಂದ ಅಳೆದ ವೇಗದಿಂದ ಸಂವೇಗವನ್ನು ಕೂಡಿ ನೋಡುವುದನ್ನೇ ನಾನು ಒರೆಗಲ್ಲಾಗಿ ಇಟ್ಟುಕೊಂಡೆ. ಹೊರ ಉಂಗುರಗಳ ವಿಸ್ತೀರ್ಣ ದೊಡ್ಡದಾದ್ದರಿಂದ ಅಲ್ಲಿನ ತಪ್ಪು ಈ ಲೆಕ್ಕದಲ್ಲಿ ಅಡಗಿಕೊಳ್ಳಲಾರದು.

ಪಿಟೋ ನಳಿಕೆಗೆ ನಾಝಲ್‌ನ ಬಾಯಲ್ಲಿ 540 ಪಾಸ್ಕಲ್ ಒತ್ತಡ ಸಿಗುತ್ತದೆ, 30 ವ್ಯಾಸಗಳಲ್ಲಿ ಅಕ್ಷದ ಮೇಲೆ 22 ಪಾಸ್ಕಲ್. ವೇಗ ಸೆಕೆಂಡಿಗೆ 0.6 ಮೀಟರ್‌ಗೆ ಇಳಿದಲ್ಲಿ ಉಳಿಯುವುದು 0.2 ಪಾಸ್ಕಲ್, ಅಷ್ಟು ಸಣ್ಣ ಒತ್ತಡವನ್ನು ಮಾಪಕದ ಸೊನ್ನೆಯ ಅಲುಗಾಟವೇ ನುಂಗಿಬಿಡುತ್ತದೆ.

ಹಾಟ್ ವೈರ್ ನನ್ನನ್ನು ಬಹಳ ಕಾಲ ಮರುಳು ಮಾಡಿತು. 5 ಮೈಕ್ರಾನ್ ದಪ್ಪದ ಟಂಗ್‌ಸ್ಟನ್ ತಂತಿ ಹತ್ತಾರು ಕಿಲೋಹರ್ಟ್ಸ್‌ವರೆಗಿನ ಏರಿಳಿತಗಳನ್ನು ಹಿಡಿಯುತ್ತದೆ, ಪರದೆಯ ಮೇಲಿನ ಗೆರೆ ಎಷ್ಟು ಸ್ವಚ್ಛವಾಗಿರುತ್ತದೆಂದರೆ ಅದನ್ನು ಅನುಮಾನಿಸಲು ಮನಸ್ಸೇ ಬಾರದು. ಆದರೆ ತಂತಿಗೆ ತಾನು ತಣ್ಣಗಾಗುವುದಷ್ಟೇ ಗೊತ್ತು. ಗಾಳಿ ಯಾವ ಕಡೆಯಿಂದ ಬಂತೆಂಬುದು ಗೊತ್ತಿಲ್ಲ. ಅಂಚಿನಲ್ಲಿ ದೊಡ್ಡ ಸುಳಿಗಳು ಗಾಳಿಯನ್ನು ಆಗಾಗ ಹಿಂದಕ್ಕೆ ತಳ್ಳುವಾಗ ಅದನ್ನೂ ತಂತಿ ಮುಂದಿನ ವೇಗವೆಂದೇ ಬರೆದುಕೊಳ್ಳುತ್ತದೆ. ನನ್ನ ಸಂವೇಗದ ಲೆಕ್ಕ ಕೂಡದೆ ಹೋದಾಗ ಮೊದಲು ಕ್ಯಾಲಿಬ್ರೇಶನ್ ಅನ್ನು (ಗೊತ್ತಿರುವ ವೇಗಕ್ಕೆ ತಂತಿಯನ್ನು ಹೊಂದಿಸಿಕೊಳ್ಳುವುದನ್ನು) ದೂರಿದೆ, ಕೋಣೆಯ ತಾಪಮಾನವನ್ನೂ ದೂರಿದೆ. ಎರಡೂ ಸರಿಯಾದ ಮೇಲೂ ವ್ಯತ್ಯಾಸ ಹೋಗಲಿಲ್ಲ. ಹುಸೇನ್, ಕ್ಯಾಪ್ ಮತ್ತು ಜಾರ್ಜ್ 1994ರಲ್ಲಿ ಪ್ರಕಟಿಸಿದ ಮಾಪನಗಳಲ್ಲಿಯೂ ಸ್ಥಿರ ತಂತಿ ಅಕ್ಷದಿಂದ ದೂರವಾದಂತೆ ದಾರಿ ತಪ್ಪುತ್ತದೆ, ಚಲಿಸುವ ತಂತಿ (ಗಾಳಿ ಸದಾ ಎದುರಿನಿಂದಲೇ ಬರುವಂತೆ ಹರಿವಿನೊಳಗೆ ವೇಗವಾಗಿ ಸಾಗಿಸುವ ತಂತಿ) ಮತ್ತು ಲೇಸರ್ ಡಾಪ್ಲರ್ ಮಾತ್ರ ಪರಸ್ಪರ ಹೊಂದುತ್ತವೆ.

ಲೇಸರ್ ಡಾಪ್ಲರ್‌ಗೆ ಈ ಕುರುಡಿಲ್ಲ. ಒಂದು ಕಿರಣದ ಆವರ್ತನವನ್ನು ಬ್ರ್ಯಾಗ್ ಕೋಶವೆಂಬ ಸಾಧನದಿಂದ ಸ್ವಲ್ಪ ಸರಿಸಿದರೆ ದಿಕ್ಕು ತಿಳಿಯುತ್ತದೆ, ಕಿರಣಗಳು ಕೂಡುವಲ್ಲಿ ಮೂಡುವ ಬೆಳಕು-ಕತ್ತಲೆಯ ಪಟ್ಟೆಗಳ ಅಂತರ ತರಂಗದೂರ ಮತ್ತು ಕಿರಣಗಳ ನಡುವಿನ ಕೋನದಿಂದಲೇ ನಿರ್ಧಾರವಾಗುವುದರಿಂದ ಕ್ಯಾಲಿಬ್ರೇಶನ್‌ನ ಗೋಜೂ ಇಲ್ಲ. ವೇಗದ ಕಣಗಳು ಅದೇ ಅವಧಿಯಲ್ಲಿ ಹೆಚ್ಚು ಸಂಖ್ಯೆಯಲ್ಲಿ ಹಾದುಹೋಗುವುದರಿಂದ ಪ್ರತಿ ಕಣಕ್ಕೂ ಅದು ಕಿರಣದೊಳಗಿದ್ದ ಅವಧಿಯಷ್ಟು ತೂಕ ಕೊಡುವುದನ್ನು ಮಾತ್ರ ಮರೆಯುವಂತಿಲ್ಲ. ಜೆಟ್‌ಗೆ ಮಾತ್ರ ಹೊಗೆ ಬೆರೆಸಿ ಕೋಣೆಯ ಗಾಳಿಯನ್ನು ಹಾಗೇ ಬಿಟ್ಟರೆ, ಜೆಟ್ ಒಳಸೆಳೆದುಕೊಂಡ ನಿಧಾನದ ಗಾಳಿ ಲೆಕ್ಕಕ್ಕೇ ಬರುವುದಿಲ್ಲ. ಕೋಣೆಯನ್ನೂ ತುಂಬಿಸಿದ ಮೇಲೆ ನನ್ನ ಸಂವೇಗ ಕೂಡಿಬಂತು. ಅಂಚಿನ ಒಂದೊಂದು ಬಿಂದುವಿಗೂ ಕಾಯಬೇಕಾದ ಹೊತ್ತು ಮಾತ್ರ ಬೇಸರ ತರಿಸುತ್ತದೆ.

ಪಿಐವಿ ಇಡೀ ಸಮತಲವನ್ನು ಒಮ್ಮೆಗೇ ತೋರಿಸುತ್ತದೆ, ಸುಳಿಗಳು ಹೊರಗಾಳಿಯನ್ನು ಒಳಗೆಳೆಯುವ ಬಗೆ ಕಣ್ಣಿಗೆ ಬೀಳುವುದು ಇದರಲ್ಲೊಂದೇ. ಆದರೆ ಚಿತ್ರವನ್ನು ತುಣುಕು ಮಾಡಿ ಹೋಲಿಸುವ 32 ಪಿಕ್ಸೆಲ್ ಕಿಟಕಿಯಲ್ಲಿ ಅಕ್ಷದ ಕಣ 8 ಪಿಕ್ಸೆಲ್ ಸರಿಯುವಂತೆ ಎರಡು ಮಿಂಚುಗಳ ಅಂತರವನ್ನು ಇಟ್ಟರೆ ಹತ್ತನೇ ಒಂದರಷ್ಟು ವೇಗದ ಅಂಚಿನ ಕಣ 0.8 ಪಿಕ್ಸೆಲ್ ಮಾತ್ರ ಸರಿಯುತ್ತದೆ, ಅಲ್ಲಿ 0.1 ಪಿಕ್ಸೆಲ್‌ನ ತಪ್ಪೇ ಎಂಟರಲ್ಲೊಂದು ಪಾಲು. ಅಂಚಿಗೆ ಬೇರೆ, ಉದ್ದನೆಯ ಅಂತರವನ್ನು ಇಟ್ಟು ಮತ್ತೊಮ್ಮೆ ಅಳೆಯುವುದು ನನಗೆ ಸರಿಹೊಂದಿದೆ.

ಸರಾಸರಿ ವೇಗ ಮತ್ತು ಸಂವೇಗಕ್ಕೆ ನಾನೀಗ ಲೇಸರ್ ಡಾಪ್ಲರ್ ಅನ್ನೇ ನಂಬುತ್ತೇನೆ. ಅಕ್ಷದ ಸಮೀಪ ಏರಿಳಿತಗಳ ಆವರ್ತನ ಬೇಕಾದಾಗ ಹಾಟ್ ವೈರ್‌ಗೆ ಮರಳುತ್ತೇನೆ. ಆ ತಂತಿಯನ್ನು ಕ್ಯಾಲಿಬ್ರೇಟ್ ಮಾಡುವುದು ಮಾತ್ರ ಹರಿವು ಇನ್ನೂ ಶಾಂತವಾಗಿರುವ ತಿರುಳಿನಲ್ಲಿ, ಅದೇ ಹಳೆಯ ಪಿಟೋ ನಳಿಕೆಯ ಪಕ್ಕದಲ್ಲಿಟ್ಟು.