ಎಂಟು ಗಂಟೆಯ ಹಟ ಬಿಡಿಸುವ ಆ್ಯಪ್: ಇನ್‌ಸೋಮ್ನಿಯಾ ಕೋಚ್

ನಿದ್ದೆಗೆಂದು ಫೋನಿಗೆ ಹಾಕಿಕೊಳ್ಳುವ ಆ್ಯಪ್‌ಗಳಲ್ಲಿ ಬಹುಪಾಲು ರಾತ್ರಿ ಮಳೆಯ ಸದ್ದು ಕೇಳಿಸುತ್ತವೆ, ಬೆಳಿಗ್ಗೆ ಒಂದು ಅಂಕ ಕೊಡುತ್ತವೆ. ಅಮೆರಿಕದ ಮಾಜಿ ಸೈನಿಕರ ಇಲಾಖೆ 2020ರಲ್ಲಿ ಹೊರತಂದ ಇನ್‌ಸೋಮ್ನಿಯಾ ಕೋಚ್‌ನ ದಾರಿಯೇ ಬೇರೆ. ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಸಿಬಿಟಿ-ಐ ಎಂಬ ವರ್ತನಾ ಚಿಕಿತ್ಸೆ ಕೊಡಬೇಕೆಂದು ಅಲ್ಲಿನ ವೈದ್ಯರ ಸಂಘಟನೆ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲಿ ಸೂಚಿಸಿತು. ಆ ಚಿಕಿತ್ಸೆಯನ್ನೇ ಇಲ್ಲಿ ಐದು ವಾರದ ಪಾಠವಾಗಿ ಹೊಂದಿಸಿದ್ದಾರೆ. ದುಡ್ಡು ಕೊಡಬೇಕಿಲ್ಲ, ಖಾತೆ ತೆರೆಯಬೇಕಿಲ್ಲ.

ಇದನ್ನು ಬಳಸುವ ಮೊದಲು ‘ಎಂಟು ಗಂಟೆ ನಿದ್ದೆ ಬೇಕೇಬೇಕು’ ಎಂಬ ಮಾತು ಇತ್ಯರ್ಥವಾಗಬೇಕು. 2015ರಲ್ಲಿ ಅಮೆರಿಕದ ಎರಡು ನಿದ್ರಾವಿಜ್ಞಾನ ಸಂಘಗಳು ಜೊತೆಯಾಗಿ, 18ರಿಂದ 60 ವರ್ಷದವರಿಗೆ 7 ಗಂಟೆ ಅಥವಾ ಹೆಚ್ಚು ನಿದ್ದೆ ಬೇಕು ಎಂದವು. ಕಡಿಮೆ ನಿದ್ದೆಯ ಹಾನಿಯನ್ನು ಸ್ಪಷ್ಟವಾಗಿ ತೋರಿಸಿದ ಪ್ರಯೋಗ 2003ರದು. ವ್ಯಾನ್ ಡಾಂಗೆನ್ ಮತ್ತು ಸಂಗಡಿಗರು ಆರೋಗ್ಯವಂತರಿಗೆ 14 ದಿನ ರಾತ್ರಿಗೆ 6 ಗಂಟೆ ಅಥವಾ ಇನ್ನೂ ಕಡಿಮೆ ಮಲಗಲು ಬಿಟ್ಟಾಗ, ಅವರ ಗಮನಶಕ್ತಿ ಒಂದೆರಡು ರಾತ್ರಿ ಕಣ್ಣೇ ಮುಚ್ಚದವರ ಮಟ್ಟಕ್ಕೆ ಕುಸಿಯಿತು. ತಾವು ಅಷ್ಟು ಸೋತಿದ್ದೇವೆಂಬ ಅರಿವು ಅವರಿಗಿರಲಿಲ್ಲ.

ಆದರೆ ಆ ಪ್ರಯೋಗದವರಿಗೆ ಮಲಗಿದರೆ ನಿದ್ದೆ ಬರುತ್ತಿತ್ತು, ಹೆಚ್ಚು ಹೊತ್ತು ಮಲಗಲು ಬಿಟ್ಟಿರಲಿಲ್ಲ. ನಿದ್ರಾಹೀನತೆಯಲ್ಲಿ ಸಮಯ ಇದೆ, ನಿದ್ದೆ ಇಲ್ಲ. ‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎನ್ನುತ್ತೇವೆ; ಎಂಟು ಗಂಟೆ ತುಂಬಲಿಲ್ಲವೆಂಬುದೇ ಚಿಂತೆಯಾದವರು ಹಾಸಿಗೆಯಲ್ಲಿ ಹೆಚ್ಚು ಹೊತ್ತು ಬಿದ್ದಿರುತ್ತಾರೆ, ನಿದ್ದೆ ಮತ್ತಷ್ಟು ಚೂರುಚೂರಾಗುತ್ತದೆ. ಈ ಆ್ಯಪ್‌ನ ಬೆಲೆ ಇರುವುದು ಇಲ್ಲೇ.

ಮೊದಲ ಕೆಲಸ ನಿದ್ದೆಯ ದಿನಚರಿ. ಮಲಗಿದ್ದು ಎಷ್ಟಕ್ಕೆ, ನಿದ್ದೆ ಹತ್ತಲು ಎಷ್ಟು ಹೊತ್ತು ಹಿಡಿಯಿತು, ನಡುವೆ ಎಚ್ಚರವಾಗಿದ್ದೆಷ್ಟು, ಕೊನೆಯ ಎಚ್ಚರ ಯಾವಾಗ, ಎದ್ದದ್ದು ಯಾವಾಗ. ಕನಿಷ್ಠ 7 ದಿನ ಬರೆಯಬೇಕು. ಇದನ್ನು ಬೆಳಿಗ್ಗೆ ಎದ್ದ ಮೇಲೆ ಅಂದಾಜಿನಲ್ಲಿ ತುಂಬುವುದೇ ಸರಿ. ಲೆಕ್ಕ ಕರಾರುವಾಕ್ಕಾಗಿ ಇರಲೆಂದು ರಾತ್ರಿಯೆಲ್ಲ ಗಡಿಯಾರ ನೋಡುವವರಿದ್ದಾರೆ. ಅವರ ನಿದ್ದೆಯನ್ನು ದಿನಚರಿಯೇ ಕೆಡಿಸುತ್ತದೆ.

ಚಿಕಿತ್ಸೆಯ ತಿರುಳಾದ ಲೆಕ್ಕ ನಿದ್ರಾತಜ್ಞ ಆರ್ಥರ್ ಸ್ಪೀಲ್‌ಮನ್ 1987ರಲ್ಲಿ ಪ್ರಕಟಿಸಿದ ವಿಧಾನದಿಂದ ಬಂದದ್ದು. ರಾತ್ರಿ 10ಕ್ಕೆ ಮಲಗಿ 6ಕ್ಕೆ ಏಳುವವರನ್ನು ತೆಗೆದುಕೊಳ್ಳಿ. ನಿದ್ದೆ ಹತ್ತಲು 75 ನಿಮಿಷ, ನಡುವೆ ಎಚ್ಚರ 60, ಬೆಳಗಿನ ಹೊರಳಾಟ 45. ಉಳಿದ ನಿದ್ದೆ 5 ಗಂಟೆ. ಹಾಸಿಗೆಯಲ್ಲಿದ್ದದ್ದು 8 ಗಂಟೆ, ಹಾಗಾಗಿ ನಿದ್ದೆಯ ದಕ್ಷತೆ, ಅಂದರೆ ಹಾಸಿಗೆಯ ಸಮಯದಲ್ಲಿ ನಿದ್ದೆಯ ಪಾಲು, ಶೇ 62.5. ಇವರು ಏಳುವ ಹೊತ್ತನ್ನು 6ಕ್ಕೇ ಬಿಗಿಮಾಡಿ, ಅರ್ಧ ಗಂಟೆ ಸಡಿಲ ಕೊಟ್ಟು, ರಾತ್ರಿ 12.30ಕ್ಕೆ ಮಲಗಬೇಕು. ಒಂದು ವಾರ ಸರಾಸರಿ 5 ಗಂಟೆ ನಿದ್ದೆ ಉಳಿದರೂ ದಕ್ಷತೆ ಸುಮಾರು ಶೇ 91ಕ್ಕೆ ಏರುತ್ತದೆ. ಸ್ಪೀಲ್‌ಮನ್ ನಿಯಮದಂತೆ ಶೇ 90 ದಾಟಿದರೆ 15 ನಿಮಿಷ ಮುಂಚೆ ಮಲಗಬಹುದು. ಶೇ 85ಕ್ಕಿಂತ ಇಳಿದರೆ ಇನ್ನಷ್ಟು ಕಡಿತ. ಈಗಿನ ರೂಢಿಯಲ್ಲಿ ಹಾಸಿಗೆಯ ಸಮಯವನ್ನು ಸಾಮಾನ್ಯವಾಗಿ 5 ಗಂಟೆಗಿಂತ ಕೆಳಗೆ ಇಳಿಸುವುದಿಲ್ಲ.

ಮೊದಲ ಎರಡು ವಾರ ಹಗಲು ತೂಕಡಿಕೆ ನಿಶ್ಚಿತ. ಎಚ್ಚರವಿದ್ದಷ್ಟೂ ನಿದ್ದೆಯ ಒತ್ತಡ ಏರುತ್ತದೆ ಎಂದು ನಿದ್ರಾ ಸಂಶೋಧಕ ಅಲೆಕ್ಸಾಂಡರ್ ಬೋರ್ಬೇಲಿ 1982ರಲ್ಲಿ ಮಂಡಿಸಿದ ಮಾದರಿಯನ್ನೇ ಇಲ್ಲಿ ಬಳಸಿಕೊಳ್ಳುವುದು. ರಾತ್ರಿ ಒಂಬತ್ತಕ್ಕೆ ಟಿವಿ ಮುಂದೆ ಹತ್ತಿದ ಇಪ್ಪತ್ತು ನಿಮಿಷದ ಜೊಂಪು, ಭಾನುವಾರ ಒಂಬತ್ತರವರೆಗಿನ ನಿದ್ದೆ, ಇವೆರಡರಲ್ಲಿ ಒಂದು ಸಾಕು, ಕಟ್ಟಿದ ಒತ್ತಡ ಸೋರಿಹೋಗಲು. ಐದು ವಾರ ಪೂರೈಸದವರು ಸೋಲುವುದು ಹೆಚ್ಚಾಗಿ ಇಲ್ಲೇ. ಆ ದಿನಗಳಲ್ಲಿ ಬೈಕು, ಕಾರು ಓಡಿಸದಿರುವುದು ಒಳ್ಳೆಯದು.

ಏಳುವ ಹೊತ್ತು ಬದಲಾಗಬಾರದೆಂಬ ನಿಯಮಕ್ಕೆ ಹೊಸ ಬೆಂಬಲವೂ ಇದೆ. ಬ್ರಿಟನ್ನಿನ ಆರೋಗ್ಯ ದತ್ತಾಂಶ ಸಂಗ್ರಹವಾದ ಯುಕೆ ಬಯೋಬ್ಯಾಂಕ್‌ನ ಸುಮಾರು 60,000 ಜನರ ಮಣಿಕಟ್ಟಿನ ಸಾಧನದ ದಾಖಲೆಗಳನ್ನು ವಿಶ್ಲೇಷಿಸಿದ ಅಧ್ಯಯನದಲ್ಲಿ, ಸಾವಿನ ಅಪಾಯವನ್ನು ಮುನ್ಸೂಚಿಸುವುದರಲ್ಲಿ ನಿದ್ದೆಯ ಅವಧಿಗಿಂತ ನಿಯಮಿತತೆಯೇ ಬಲವಾಗಿ ಕಂಡಿತು. ಇದು ವೀಕ್ಷಣೆಯ ಅಧ್ಯಯನ; ಕಾಯಿಲೆಯಿಂದಲೇ ನಿದ್ದೆಯ ಹೊತ್ತು ಏರುಪೇರಾಗಿರಲೂಬಹುದು. ಈ ಆ್ಯಪ್‌ನ ಪರೀಕ್ಷೆಯೂ ಚಿಕ್ಕದು: 50 ಮಾಜಿ ಸೈನಿಕರ ಪ್ರಾಯೋಗಿಕ ಅಧ್ಯಯನ. ಅದರ ಹಿಂದಿನ ಚಿಕಿತ್ಸೆಗಾದರೋ ದಶಕಗಳ ಪುರಾವೆಯಿದೆ.

ಕೊರತೆಗಳಲ್ಲಿ ದೊಡ್ಡದು, ಪಾಳಿ ಬದಲಾಗುವವರಿಗೆ ಇದು ಹೊಂದುವುದಿಲ್ಲ. ಈ ವಾರ ಹಗಲು, ಮುಂದಿನ ವಾರ ರಾತ್ರಿ ದುಡಿಯುವ ಬೆಂಗಳೂರಿನ ನೌಕರರಿಗೆ ಒಂದೇ ಏಳುವ ಹೊತ್ತು ಇಟ್ಟುಕೊಳ್ಳಲಾಗದು. ಬೈಪೋಲಾರ್ ಕಾಯಿಲೆ ಇದ್ದವರಲ್ಲಿ ನಿದ್ದೆ ಕಡಿತ ಉನ್ಮಾದ ಕೆರಳಿಸಬಹುದು, ಮೂರ್ಛೆರೋಗ ಇದ್ದವರಲ್ಲಿ ಸೆಳೆತ ತರಬಹುದು. ಇವರು ವೈದ್ಯರಿಲ್ಲದೆ ಶುರು ಮಾಡಲೇಬಾರದು. ಜೋರು ಗೊರಕೆ, ನಡುವೆ ಉಸಿರು ಕಟ್ಟುವುದು ಇದ್ದರೆ ಮೊದಲು ಸ್ಲೀಪ್ ಅಪ್ನಿಯಾ ಪರೀಕ್ಷೆಯಾಗಲಿ.

ಕನ್ನಡದಲ್ಲಿ ಇಲ್ಲದಿರುವುದು ಇನ್ನೊಂದು ತೊಡಕು. ಇಂಗ್ಲಿಷ್ ಓದದ ಹಿರಿಯರಿಗೆ ಮನೆಯವರು ನೋಟ್‌ಪುಸ್ತಕದಲ್ಲಿ ಮೇಲಿನ ಐದು ಕಾಲಂ ಗೆರೆ ಹಾಕಿಕೊಟ್ಟು, ವಾರಕ್ಕೊಮ್ಮೆ ದಕ್ಷತೆ ಲೆಕ್ಕ ಹಾಕಿಕೊಟ್ಟರೂ ಕೆಲಸ ನಡೆಯುತ್ತದೆ. 65 ದಾಟಿದವರಿಗೆ ನ್ಯಾಷನಲ್ ಸ್ಲೀಪ್ ಫೌಂಡೇಶನ್ ಹೇಳುವುದು 7ರಿಂದ 8 ಗಂಟೆ. ಐದು ವಾರವಾದರೂ ದಕ್ಷತೆ ಶೇ 80ರ ಕೆಳಗೇ ನಿಂತರೆ ಆ ಪುಟಗಳನ್ನು ವೈದ್ಯರ ಬಳಿ ಒಯ್ಯಿರಿ. ಅವರು ಮೊದಲು ಕೇಳುವುದೂ ಅದೇ ವಿವರ.