ಹಸಿರು ಕೋಟು, ಕೆಂಪು ಕೋಟು, ಜೊತೆಗೆ ಆ ಮೂವರು ಅಕ್ಕತಂಗಿಯರು

ಹಳೇ ಜಪಾನಿ ಅನಿಮೆಯಲ್ಲಿ, ಅಂದರೆ ಅಲ್ಲಿನ ಕಾರ್ಟೂನ್ ಸರಣಿಗಳಲ್ಲಿ, ಕಳ್ಳರ ಕಥೆ ಬೇಕು ಅಂದರೆ ಮೂರು ಸರಣಿ ಮೊದಲು ನೆನಪಾಗುತ್ತವೆ: 1971ರ ‘ಲುಪಿನ್ ದಿ ಥರ್ಡ್’, ಅದರದೇ 1977ರ ಎರಡನೇ ಸರಣಿ, ಮತ್ತೆ 1983ರ ‘ಕ್ಯಾಟ್ಸ್ ಐ’. ಈಚೆಗೆ ಮೂರನ್ನೂ ಅಕ್ಕಪಕ್ಕ ಇಟ್ಟುಕೊಂಡು ಮತ್ತೆ ನೋಡಿದೆ. ಕಳ್ಳರೇನೋ ಮೂರರಲ್ಲೂ ಚೆಂದ. ಮಜಾ ಹೆಚ್ಚುಕಮ್ಮಿ ಆಗುವುದು ಬೆನ್ನು ಹತ್ತುವ ಪೊಲೀಸಪ್ಪನಿಂದ.

1971ರದ್ದು ಬರೀ 23 ಕಂತು. ಕಳ್ಳ ಲುಪಿನ್‌ಗೆ ಹಸಿರು ಕೋಟು. ಶುರುವಿನ ಕಂತುಗಳು ದೊಡ್ಡವರಿಗೆಂದೇ ಮಾಡಿದ ಹಾಗಿವೆ, ಸಿಗರೇಟು, ಬಂದೂಕು, ಯಾವುದಕ್ಕೂ ಅವಸರವಿಲ್ಲ. ಆಗ ಟಿವಿಯಲ್ಲಿ ಓಡಲಿಲ್ಲ, ನಿರ್ದೇಶಕ ಒಸುಮಿ ಹೊರಬಿದ್ದರು, ಮುಂದೆ ಅನಿಮೆ ಸಿನಿಮಾಗಳಿಂದ ಹೆಸರಾದ ಮಿಯಾಜಾಕಿ ಮತ್ತು ತಕಹಾತಾ ಬಂದು ಕಥೆಯನ್ನು ಹಗುರ ಮಾಡಿದರು. ಮಿಯಾಜಾಕಿ ಹೆಸರು ಕೇಳಿ ಎಲ್ಲರೂ ಆ ಎರಡನೇ ಅರ್ಧವನ್ನೇ ಹೊಗಳುತ್ತಾರೆ. ನನ್ನ ಓಟು ಮಾತ್ರ ಮೊದಲ ಅರ್ಧಕ್ಕೆ.

ಯಾಕೆ ಅಂದರೆ 4ನೇ ಕಂತು. ಇನ್‌ಸ್ಪೆಕ್ಟರ್ ಜೆನಿಗಾತ ನಿಜವಾಗಿಯೂ ಲುಪಿನ್‌ನನ್ನು ಹಿಡಿದುಬಿಡುತ್ತಾನೆ. ಮರಣದಂಡನೆಯ ತೀರ್ಪೂ ಬರುತ್ತದೆ. ಲುಪಿನ್ ಮಾತ್ರ ಸುಮ್ನೆ ಕೂತಿರುತ್ತಾನೆ. ಗಡ್ಡ ಬೆಳೆಯುತ್ತದೆ, ಒಂದು ವರ್ಷವೇ ಕಳೆಯುತ್ತದೆ, ಆಸಾಮಿ ಅಲ್ಲಾಡುವುದಿಲ್ಲ. ಇವನು ಇನ್ನೂ ಯಾಕೆ ಓಡಿಹೋಗಲಿಲ್ಲ ಅನ್ನೋದೇ ಜೆನಿಗಾತನಿಗೆ ತಲೆಬಿಸಿ! ಹಿಡಿದವನಿಗೇ ನಿದ್ದೆ ಇಲ್ಲ. ತನ್ನನ್ನು ಹಿಡಿದ ಅವಮಾನಕ್ಕೆ ಲುಪಿನ್ ತೀರಿಸಿಕೊಳ್ಳುವ ಸೇಡು ಅದು, ಕೊನೇ ಗಳಿಗೆವರೆಗೂ ಕಾದು ಆಮೇಲೆ ಚಳ್ಳೆಹಣ್ಣು ತಿನ್ನಿಸುವುದು.

ಅದೇ ಜೆನಿಗಾತ 1977ರ ಸರಣಿಯಲ್ಲಿ ಹೆಚ್ಚಾಗಿ ನಗೆಪಾಟಲಿನ ಆಳು. ಊರೂರು, ದೇಶದೇಶ ಓಡುತ್ತಾನೆ, ಕಿರುಚುತ್ತಾನೆ, ಬೀಳುತ್ತಾನೆ. 155 ಕಂತು ಬೇರೆ, ಜೊಳ್ಳು ಜಾಸ್ತಿ. ಕೆಂಪು ಕೋಟಿನ ಈ ಲುಪಿನ್ನೇ ಜನಕ್ಕೆ ಪರಿಚಯ, ಯೂಜಿ ಓನೋ ಅವರ ಜಾಝ್ ಸಂಗೀತಕ್ಕೆ ಇವತ್ತಿಗೂ ಕಾಲು ತಾಳ ಹಾಕುತ್ತದೆ, ಒಪ್ಪಿದೆ. ಆದರೂ ಸಾಲಾಗಿ ನೋಡಲು ಹೋಗಬೇಡಿ, ಆರಿಸಿಕೊಂಡು ನೋಡಿ. 145 ಮತ್ತು 155 ಬಿಡಲೇಬೇಡಿ, ಎರಡನ್ನೂ ಮಿಯಾಜಾಕಿ ಬೇರೆ ಹೆಸರಿನಲ್ಲಿ ನಿರ್ದೇಶಿಸಿದ್ದಾರೆ. 155ರಲ್ಲಿ ಬರುವ ದೊಡ್ಡ ರೋಬೋ ಮಿಯಾಜಾಕಿಯವರದೇ 1986ರ ಸಿನಿಮಾ ‘ಲಪುಟಾ’ದ ರೋಬೋಗೆ ಅಣ್ಣನಂತಿದೆ. ಆ ಕಂತು ನೋಡುವಾಗ ಜೆನಿಗಾತನ ಮೇಲೆ ಒಂದು ಕಣ್ಣಿಡಿ, ಇಷ್ಟೇ ಹೇಳುತ್ತೇನೆ.

‘ಕ್ಯಾಟ್ಸ್ ಐ’ ರುಚಿಯೇ ಬೇರೆ. ರುಯಿ, ಹಿತೊಮಿ, ಆಯಿ ಎಂಬ ಅಕ್ಕತಂಗಿಯರು ಹಗಲು ಕಾಫಿ ಅಂಗಡಿ ನಡೆಸುತ್ತಾರೆ, ರಾತ್ರಿ ಅಪ್ಪನ ಸಂಗ್ರಹದ ಕಲಾಕೃತಿಗಳನ್ನು ಕದಿಯುತ್ತಾರೆ, ಅದೂ ಮುಂಚೆಯೇ ಚೀಟಿ ಕಳಿಸಿ! ಇವರನ್ನು ಹಿಡಿಯಬೇಕಾದ ಪೊಲೀಸ್ ತೊಶಿಯೊ ಹಿತೊಮಿಯ ಪ್ರೇಮಿ. ಪೊಲೀಸರ ಯೋಜನೆಯನ್ನೆಲ್ಲ ಅವಳ ಅಂಗಡಿಯಲ್ಲೇ ಕೂತು ಕಾಫಿ ಕುಡಿಯುತ್ತಾ ಒದರುತ್ತಾನೆ, ಪಾಪ. ಅವನು ಅಷ್ಟು ದಡ್ಡನಾ ಅಂತ ಸಿಟ್ಟು ಬರುತ್ತದೆ, ಆದರೆ ಅವನ ಮಾತು ಕೇಳಿಸಿಕೊಳ್ಳುವಾಗ ಹಿತೊಮಿಯ ಮುಖ ನೋಡಿ, ಲುಪಿನ್‌ನ ಯಾವ ಕಂತಿನಲ್ಲೂ ಇಲ್ಲದ ಸಂಕಟ ಅಲ್ಲಿದೆ. ತೊಂದರೆ ಏನೆಂದರೆ 73 ಕಂತಿನಲ್ಲಿ ಬಹುಪಾಲು ಇದೇ ಆಟ. ದಿನಕ್ಕೆ ಎರಡಕ್ಕಿಂತ ಜಾಸ್ತಿ ಇಳಿಯುವುದಿಲ್ಲ. ಶೀರ್ಷಿಕೆ ಹಾಡನ್ನು ಮಾತ್ರ ಒಮ್ಮೆಯೂ ಹಾರಿಸಿ ಮುಂದೆ ಹೋಗಬೇಡಿ, ಅನ್ರಿ ಹಾಡಿರುವುದು, ಆ ಕಾಲದಲ್ಲಿ ಜಪಾನಿನಲ್ಲಿ ಸಿಕ್ಕಾಪಟ್ಟೆ ಹಿಟ್ ಆಗಿತ್ತು.