ಒಸಡಿನ ಸರ್ಜರಿ ಆದ ಮೇಲೆ 0.2% ಕ್ಲೋರ್‌ಹೆಕ್ಸಿಡಿನ್: ಎರಡು ವಾರದ ಮಟ್ಟಿಗೆ ಒಳ್ಳೆಯ ಬಾಟಲಿ

ಒಸಡಿನ ಸರ್ಜರಿ ಆದವರಿಗೂ ಇಂಪ್ಲಾಂಟ್ (ಹೋದ ಹಲ್ಲಿನ ಜಾಗದಲ್ಲಿ ದವಡೆಗೆ ಕೂರಿಸುವ ಟೈಟೇನಿಯಂ ಬೇರು) ಹಾಕಿಸಿಕೊಂಡವರಿಗೂ ಡಾಕ್ಟರು ಚೀಟಿಯಲ್ಲಿ ಬರೆಯುವ ಮೌತ್‌ವಾಶ್ ಸಾಮಾನ್ಯವಾಗಿ ಇದೇ. ಹೊಲಿಗೆ ಇರುವಷ್ಟು ದಿನ ಆ ಜಾಗಕ್ಕೆ ಬ್ರಷ್ ತಾಗಿಸುವ ಹಾಗಿಲ್ಲ. ಆಗ ಬ್ರಷ್ಷಿನ ಬದಲಿಗೆ ನಿಲ್ಲುವ ಯೋಗ್ಯತೆ ಇದಕ್ಕಿದೆ: ಉಗುಳಿದ ಮೇಲೂ ಹಲ್ಲಿಗೆ, ಒಸಡಿಗೆ ಅಂಟಿಕೊಂಡು ಗಂಟೆಗಟ್ಟಲೆ ಕೆಲಸ ಮಾಡುತ್ತದೆ. ದಿನಕ್ಕೆ ಎರಡೇ ಸಲ ಸಾಕಾಗುವುದು ಅದಕ್ಕೇ.

ಒಂದು ಸಲಕ್ಕೆ 10 ಮಿ.ಲೀ., ಅಂದರೆ ಎರಡು ಟೀ ಚಮಚ. ಬಾಯಲ್ಲಿ ಅರ್ಧದಿಂದ ಒಂದು ನಿಮಿಷ. ಅಂಗಡಿಯವರು 0.12% ಕೊಟ್ಟರೆ 15 ಮಿ.ಲೀ. ಬೇಕು. ಮೊದಲ 24 ಗಂಟೆ ಮುಕ್ಕಳಿಸಲೇಬಾರದು. ಆಮೇಲೂ ಗುಳುಗುಳು ಅನ್ನಿಸದೆ, ತಲೆ ಅತ್ತಿತ್ತ ವಾಲಿಸಿ ನೀರಿನಂತೆ ಹರಿಯಬಿಟ್ಟು, ಸಿಂಕಿಗೆ ಬಗ್ಗಿ ಬಾಯಿ ತೆರೆದರೆ ತಾನಾಗಿ ಬೀಳುತ್ತದೆ. ಜೋರಾಗಿ ಉಗುಳಿದರೆ ಗಾಯದ ಮೇಲಿನ ರಕ್ತದ ಹೆಪ್ಪು ಕಿತ್ತು ಬರಬಹುದು.

ಉಳಿದ ಹಲ್ಲನ್ನು ಪೇಸ್ಟಿನಲ್ಲಿ ಉಜ್ಜಿದ ತಕ್ಷಣ ಇದನ್ನು ಹಾಕಿದರೆ ದಂಡ. ಪೇಸ್ಟಿನಲ್ಲಿ ನೊರೆ ತರಿಸುವ ಎಸ್‌ಎಲ್‌ಎಸ್ ಎಂಬ ರಾಸಾಯನಿಕ ಈ ಔಷಧಿಯ ಬಲ ತಗ್ಗಿಸುತ್ತದೆ. ಚೆನ್ನಾಗಿ ಬಾಯಿ ತೊಳೆದು ಅರ್ಧ ಗಂಟೆ ಬಿಡಿ.

ಇಂಪ್ಲಾಂಟ್ ಇರುವವರು ಇನ್ನೂ ಹುಷಾರಾಗಿರಬೇಕು. ಸ್ವಂತ ಹಲ್ಲಿನ ಸುತ್ತ ಒಸಡಿನ ನಾರುಗಳು ಬೇರಿನ ಮೇಲ್ಪದರದೊಳಗೇ ನಾಟಿಕೊಂಡಿರುತ್ತವೆ. ಟೈಟೇನಿಯಂನಲ್ಲಿ ನಾಟಲು ಜಾಗವಿಲ್ಲ. ನಾರುಗಳು ಅದರ ಪಕ್ಕದಲ್ಲೇ ಉದ್ದಕ್ಕೆ, ಸುತ್ತಲೂ ಹಾಯುತ್ತವೆ, ಕೊರಳಪಟ್ಟಿಯ ಹಾಗೆ. ಬೇರಿನ ಸುತ್ತಲಿನ ಪೊರೆಯಿಂದ ಬರುವ ರಕ್ತವೂ ಅಲ್ಲಿಲ್ಲ. ಮೇಲಿಂದ ಗುಲಾಬಿ ಬಣ್ಣಕ್ಕೆ ತಿರುಗಿದ್ದರೂ ಒಳಗಿನ ಹಿಡಿತ ಬಲಿಯಲು ಆರೇಳು ವಾರ ಹಿಡಿಯುತ್ತದೆ. ಹೊಲಿಗೆ ಬಿಚ್ಚಿದ ದಿನವೇ ಟೂತ್‌ಪಿಕ್ ಚುಚ್ಚಿದರೆ ಆ ಎಳೆಯ ಹಿಡಿತ ಬಿಡುತ್ತದೆ.

ಗಾಯದ ಮೇಲೆ ಮೂರ್ನಾಲ್ಕನೇ ದಿನ ಕಾಣುವ ಬಿಳಿ-ಹಳದಿ ಪೊರೆಯನ್ನು ಕೀವು ಎಂದುಕೊಂಡು ಬಟ್ಟೆಯಲ್ಲಿ ಉಜ್ಜುವವರಿದ್ದಾರೆ. ಅದು ಬಹುತೇಕ ಫೈಬ್ರಿನ್, ಗಾಯ ಮಾಯುವಾಗ ಕಟ್ಟುವ ಪೊರೆ. ಮುಟ್ಟಬೇಡಿ. ನೋವು, ಊತ ಮೂರು ದಿನದ ಮೇಲೆ ಇಳಿಯದೆ ಏರುತ್ತಿದ್ದರೆ, ಒತ್ತಿದಾಗ ದ್ರವ ಒಸರಿದರೆ ಮಾತ್ರ ಅದು ಬೇರೆ ವಿಷಯ, ಅವತ್ತೇ ಡಾಕ್ಟರ ಹತ್ತಿರ ಹೋಗಿ.

ಬಾಟಲಿಯ ಕೊರತೆಗಳೂ ಸಣ್ಣವಲ್ಲ. ಹಲ್ಲು, ನಾಲಿಗೆ ಕಂದಾಗುತ್ತವೆ. ಕಾಫಿ, ಟೀ ಕುಡಿಯುವವರಿಗೆ ಇನ್ನೂ ಬೇಗ. ಸಾರಿನ ಉಪ್ಪು ಗೊತ್ತಾಗದಷ್ಟು ರುಚಿ ಕೆಡಬಹುದು. ನಿಲ್ಲಿಸಿದ ಮೇಲೆ ಸರಿಹೋಗುತ್ತದೆ. ಹಲ್ಲಿನ ಕಲೆ ಕ್ಲೀನಿಂಗ್‌ನಲ್ಲಿ ಹೋಗುತ್ತದೆ. ಆಗಲೇ ಗಟ್ಟಿಯಾಗಿ ಕೂತ ಪಾಚಿಯನ್ನು ಇದು ತೆಗೆಯುವುದಿಲ್ಲ, ಹೊಸದು ಕಟ್ಟದಂತೆ ತಡೆಯುತ್ತದೆ ಅಷ್ಟೇ. ಹಾಗಾಗಿ ಡಾಕ್ಟರು ಹೇಳದೆ ಎರಡು ವಾರ ದಾಟಿಸಬೇಡಿ. ಹೊಲಿಗೆ ತೆಗೆದ ಮೇಲೆ ಸರ್ಜಿಕಲ್ ಬ್ರಷ್ (ತೀರಾ ಮೆತ್ತನೆಯ ಎಳೆಗಳ ಟೂತ್‌ಬ್ರಷ್) ಕೊಂಡು, ಒಸಡಿನ ಅಂಚಿನಿಂದ ಹಲ್ಲಿನ ತುದಿಯ ಕಡೆಗೆ ಮೆಲ್ಲಗೆ ಸವರಲು ಶುರುಮಾಡಿ.